ಅನ್ಸೆಲ್ಮೊನ ಬಲಗೈ

ಗೋಡೆಯ ಮೇಲಿದ್ದ ಪಕ್ಷದ ಅಧ್ಯಕ್ಷರ ಪಟ ಎಡಕ್ಕೆ ಮೂರು ಡಿಗ್ರಿಯಷ್ಟು ವಾಲಿದ್ದು ಭಾನುವಾರ ಬೆಳಗಿನ ಕಾಫಿ ಹೊತ್ತಿಗೆ ಅನ್ಸೆಲ್ಮೊನ ಕಣ್ಣಿಗೆ ಬಿತ್ತು. ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಕ್ಲೋರಿನ್ ಅಳೆದವನಿಗೆ ಮೂರು ಡಿಗ್ರಿ ಸಣ್ಣ ವಿಷಯವಲ್ಲ. ಸ್ಟೂಲು ಹತ್ತಿದ. ಪಟ ನೆಟ್ಟಗಾಯಿತು, ಸ್ಟೂಲು ವಾಲಿತು.

ಬಿದ್ದ ರಭಸಕ್ಕೆ ಬಲಭುಜ ಹಿಡಿದುಕೊಂಡಿತು. ಕೈ ಸೊಂಟಕ್ಕಿಂತ ಮೇಲೆ ಏಳಲೊಲ್ಲದು.

ಬೇರೆ ದಿನವಾಗಿದ್ದರೆ ಬೆಚ್ಚಗೆ ಶಾಖ ಕೊಟ್ಟು ಮಲಗಬಹುದಿತ್ತು. ಆದರೆ ಅಂದು ನಾಲ್ಕಕ್ಕೆ ಬೀದಿ ಸಭೆ, ಹೊಸ ಪಂಚವಾರ್ಷಿಕ ಯೋಜನೆಗೆ ಕೈ ಎತ್ತುವ ದಿನ. ಸಾನ್ ಅಮಾರೋ ದ್ವೀಪದಲ್ಲಿ ಇದ್ದದ್ದು ಒಂದೇ ಪಕ್ಷ. ಎತ್ತಿದ ಕೈಗಳ ಫೋಟೋ ರಾಜಧಾನಿಗೆ ಹೋಗುತ್ತಿತ್ತು, ಅಲ್ಲಿ ಯಾರೋ ಭೂತಗನ್ನಡಿ ಹಿಡಿದು ಎಣಿಸುತ್ತಿದ್ದರು. ಸಭೆ ಮುಗಿದ ಮೇಲೆ ಮಗಳು ಒತಿಲಿಯಾಳ ನಡತೆ ಪತ್ರಕ್ಕೆ ಬೀದಿ ಸಮಿತಿ ಮುದ್ರೆ ಒತ್ತಬೇಕಿತ್ತು. ಪತ್ರವಿಲ್ಲದೆ ವೈದ್ಯಕೀಯ ಕಾಲೇಜಿನ ಸೀಟಿಲ್ಲ. ಅರ್ಜಿಗೆ ನಾಳೆಯೇ ಕೊನೆಯ ದಿನ.

ಸಮಿತಿಯ ಅಧ್ಯಕ್ಷೆ ಎದುವಿಹೆಸ್ ಸುದ್ದಿ ಕೇಳಿ ಕರ್ಲರ್ ಸುತ್ತಿದ ತಲೆಯಲ್ಲೇ ಓಡಿ ಬಂದಳು.

"ಎಡಗೈ ಎತ್ತಲಾ ಅಕ್ಕಾ?" ಅಂದ ಅನ್ಸೆಲ್ಮೊ.

"ಫೋಟೋದಲ್ಲಿ ಬಸ್ಸಿಗೆ ಕೈ ತೋರಿಸಿದ ಹಾಗೆ ಕಾಣುತ್ತೆ. ಬಲಗೈ ಅಂದ್ರೆ ಬಲಗೈ. ನಮ್ಮ ಬೀದೀಲಿ ಇಪ್ಪತ್ತೆರಡು ವರ್ಷದಿಂದ ಒಂದು ಕೈ ಕಡಿಮೆ ಆಗಿಲ್ಲ. ಸತ್ತೋರ್ದೂ ಎಣಿಕೆಗೆ ಸಿಕ್ಕಿದೆ."

"ಆಸ್ಪತ್ರೆಗೆ ಹೋಗ್ಲಾ?"

"ಅಲ್ಲಿ ಪ್ಲಾಸ್ಟರ್ ಇಲ್ಲ ಕಣಯ್ಯ. ಎಲ್ಲಾ ನಮ್ಮಲ್ಲಿಗೇ ಬರುತ್ತೆ," ಅಂದ ಪಕ್ಕದ ಮನೆಯ ಕಾಸಿಮೀರೊ. ಅಧ್ಯಕ್ಷರ ಪ್ರತಿಮೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಅವನು ಮೇಸ್ತ್ರಿ. "ತಾಳು, ಅರ್ಧ ಚೀಲ ಮನೇಲಿದೆ. ಅಧ್ಯಕ್ಷರ ಕೈಯನ್ನೇ ನಾನ್ನೂರು ಸಲ ಎತ್ತಿ ನಿಲ್ಲಿಸಿದ್ದೀನಿ. ನಿನ್ನದೇನು ಮಹಾ."

ಇಬ್ಬರು ಹಿಡಿದು, ಒಬ್ಬಳು ಬಾಯಿಗೆ ಬಟ್ಟೆ ತುರುಕಿ, ಕೈಯನ್ನು ಕಿವಿಯ ಪಕ್ಕಕ್ಕೆ ಎತ್ತಿದರು. ಒಳಗೆ ಪೊರಕೆ ಹಿಡಿ, ಅದರ ಮೇಲೆ ಗೋಣಿ, ಅದರ ಮೇಲೆ ಪ್ಲಾಸ್ಟರ್. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯೇರುತ್ತದೆಂದು ಅನ್ಸೆಲ್ಮೊನಿಗೆ ಗೊತ್ತಿತ್ತು. ಎಷ್ಟು ನಿಮಿಷಕ್ಕೆ ಎಷ್ಟು ಬಿಸಿ ಎಂದೂ ಲೆಕ್ಕ ಹಾಕಿದ. ಕೈ ಮತ್ತೆ ಇಳಿಯುವುದು ಯಾವಾಗ ಎಂಬ ಲೆಕ್ಕ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸಭೆಗೆ ನಡೆದು ಹೋಗುವಾಗ ಮೂರು ಬಸ್ಸುಗಳು ನಿಂತವು. ಮೂರನೆಯ ಬಸ್ಸಿನ ಚಾಲಕ ಇಳಿದು ಬಂದು, "ಹತ್ತಲ್ಲ ಅಂದ್ಮೇಲೆ ಕೈ ಯಾಕಯ್ಯ ತೋರಿಸ್ತೀಯ?" ಎಂದು ಬೈದು ಹೋದ.

ಶಾಲೆಯ ಅಂಗಳದಲ್ಲಿ, ಒತಿಲಿಯಾಳೂ ಸೇರಿ, ಅರವತ್ತೆರಡು ಜನ ಇದ್ದರು. ಜಿಲ್ಲೆಯಿಂದ ಬಂದ ಪ್ರತಿನಿಧಿ ಕಿರೋಗಾ ಯೋಜನೆಯನ್ನು ಒಂದೂವರೆ ಗಂಟೆ ಓದಿ, ಬೆವರು ಒರೆಸಿ ಕೇಳಿದ. "ಪರ?"

ಅರವತ್ತೆರಡು ಕೈ. ಕ್ಯಾಮೆರಾ ಕ್ಲಿಕ್ಕೆಂದಿತು. ಎದುವಿಹೆಸ್ ಉಸಿರು ಬಿಟ್ಟಳು.

"ವಿರೋಧ?"

ಈ ಪ್ರಶ್ನೆಯನ್ನು ಎಲ್ಲ ಪ್ರತಿನಿಧಿಗಳೂ ಕಾಗದ ಮಡಚುತ್ತ, ತಲೆ ಎತ್ತದೆ ಕೇಳುತ್ತಿದ್ದರು. ಅಂದು ಕಿರೋಗಾ ತಲೆ ಎತ್ತಿದ. ಮೂರನೆಯ ಸಾಲಿನಲ್ಲಿ ಒಂದು ಕೈ ದೀಪಸ್ತಂಭದಂತೆ ನಿಂತಿತ್ತು.

ಅನ್ಸೆಲ್ಮೊನ ಎಡಬಲದ ಕುರ್ಚಿಗಳು ಸದ್ದಿಲ್ಲದೆ ಒಂದೊಂದು ಗೇಣು ದೂರ ಸರಿದವು.

"ಅದು ಕೈಯಲ್ಲ ಕಾಮ್ರೇಡ್, ಪ್ಲಾಸ್ಟರ್," ಅಂದಳು ಎದುವಿಹೆಸ್.

"ಹಾಗಾದ್ರೆ ಮೊದಲು ಪರ ಎತ್ತಿದ್ದು ಯಾವುದು? ಅದೂ ಪ್ಲಾಸ್ಟರಾ?"

ಅವಳು ಕೂತಳು.

"ತಟಸ್ಥ?" ಅಂದ ಕಿರೋಗಾ. ಕೈ ಅಲ್ಲೇ ಇತ್ತು. ಅರವತ್ತೆರಡು ಜನ, ಅರವತ್ನಾಲ್ಕು ಮತ. ಕಿರೋಗಾ ಪೆನ್ನಿನ ಮುಚ್ಚಳ ಹಾಕಿ, ಅನ್ಸೆಲ್ಮೊನನ್ನು ತರಗತಿಯೊಳಗೆ ಕರೆದುಕೊಂಡು ಹೋದ.

ಬಾಗಿಲು ಹಾಕಿದ್ದೇ ತಡ, ಕಿರೋಗಾ ಅವನ ಎಡಗೈ ಹಿಡಿದು ಕುಲುಕಿದ. "ಒಂಬತ್ತು ಬೀದಿ ಸುತ್ತಿ ಬಂದೆ ಮಾರಾಯ. ನೂರಕ್ಕೆ ನೂರು ಅಂದ್ರೆ ಹೊರದೇಶದೋರು ನಗ್ತಾರಂತೆ. ಜಿಲ್ಲೆಗೊಬ್ಬ ವಿರೋಧಿ ಬೇಕೇ ಬೇಕು ಅಂತ ರಾಜಧಾನಿಯಿಂದ ಆದೇಶ. ಯಾರೂ ಒಪ್ಲಿಲ್ಲ. ನೀನು ಸಿಕ್ಕಿದೆ."

ಅನ್ಸೆಲ್ಮೊ ಒಂದು ಹೆಜ್ಜೆ ಮುಂದೆ ಬಂದ. "ಹಾಗಾದ್ರೆ ನನ್ನ ಮಗಳ ಪತ್ರ, ಕಾಮ್ರೇಡ್?"

ಕಿರೋಗಾ ಯೋಚಿಸಿದ. ಕೆಟ್ಟ ಮನುಷ್ಯನಲ್ಲ, ನಿಜವಾಗಿಯೂ ಯೋಚಿಸಿದ. "ವಿರೋಧಿ ಮಗಳಿಗೆ ಸೀಟು ಸಿಕ್ಕಿದ್ರೆ ನಿನ್ನನ್ನ ವಿರೋಧಿ ಅಂತ ಯಾರು ನಂಬ್ತಾರೆ?"

"ನಾನು ವಿರೋಧಿ ಅಲ್ಲ ಕಾಮ್ರೇಡ್, ಸ್ಟೂಲಿಂದ ಬಿದ್ದೆ."

"ಅದನ್ನ ವರದೀಲಿ ಬರಿಯೋಕಾಗುತ್ತಾ? ಪತ್ರ ನಿಲ್ಲೋದು ಒಂದೇ ವರ್ಷ. ನಾನು ಒತ್ತಾಯ ಮಾಡಲ್ಲ, ಸಭೆಯೇ ತೀರ್ಮಾನಿಸಲಿ."

ಹೊರಗೆ ಬಂದು ಕಿರೋಗಾ ಹೊಸ ನಿರ್ಣಯ ಮಂಡಿಸಿದ. ಒತಿಲಿಯಾಳ ನಡತೆ ಪತ್ರವನ್ನು ಒಂದು ವರ್ಷ ತಡೆಹಿಡಿಯುವುದು. "ಪರ?"

ಜನ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಅನ್ಸೆಲ್ಮೊನ ಕಡೆ ನೋಡಿದರು. ಒಂದೊಂದಾಗಿ ಕೈಗಳು ಎದ್ದವು. ಎದುವಿಹೆಸ್ ಎರಡು ಸಲ ಎಣಿಸಿ, ಕಣ್ಣು ಒರೆಸಿಕೊಂಡು, "ಅರವತ್ತೆರಡು. ಸರ್ವಾನುಮತ," ಎಂದು ಬರೆದುಕೊಂಡಳು.

ಅನ್ಸೆಲ್ಮೊ ಕತ್ತು ಹೊರಳಿಸಿ ಹಿಂದಿನ ಸಾಲು ನೋಡಿದ. ಅಲ್ಲಿ ಒತಿಲಿಯಾಳ ಕೈಯೂ ಮೇಲಿತ್ತು.

"ನೀನೇ ಎತ್ತಿದ್ದೀಯಲ್ಲಪ್ಪಾ," ಅಂದಳು ಅವಳು ಪಿಸುದನಿಯಲ್ಲಿ. "ಒಳಗೆ ಏನೋ ಮಾತಾಡಿ ಸರಿಮಾಡ್ಕೊಂಡು ಬಂದಿದ್ದೀಯ ಅಂದ್ಕೊಂಡೆ."