ಮರದ ಮೀನಿನ ಮೊದಲ ಸವಾರಿ

ಗಾಳದ ತುದಿಯಲ್ಲಿ ಎರೆಹುಳದ ಆಳ್ವಿಕೆಯನ್ನು ಕೊನೆಗಾಣಿಸುತ್ತೇನೆ ಎಂದು ನಾನು ಒಂದು ಭಾನುವಾರ ಕೆರೆಯ ನಡುವೆ, ದೋಣಿಯಲ್ಲಿ ಕೂತೇ ಶಪಥ ಮಾಡಿದೆ. ಸಾಕ್ಷಿಗೆ ಇದ್ದವರು ನನ್ನ ಹೆಂಡತಿ, ನನ್ನ ಮಾವ, ಮತ್ತು ಡಬ್ಬಿಯೊಳಗೆ ಹೊರಳಾಡುತ್ತಿದ್ದ ನಲವತ್ತೋ ಐವತ್ತೋ ಹುಳಗಳು. ಹುಳಗಳಾದರೂ ಸ್ವಲ್ಪ ಮಿಸುಕಿದವು. ಮಾವ ಮಿಸುಕಲಿಲ್ಲ. ಅವರು ರೈಲು ಓಡಿಸಿ ನಿವೃತ್ತರಾದವರು. ಎದುರಿಗೆ ಹಳಿ ಬಿಟ್ಟು ಬೇರೇನು ಕಂಡರೂ ತಲೆ ಕೆಡಿಸಿಕೊಳ್ಳುವವರಲ್ಲ.

"ಮರದಲ್ಲಿ ಮೀನು ಕೆತ್ತುತ್ತೀನಿ," ಎಂದೆ. "ಬಣ್ಣ ಬಳೀತೀನಿ. ಅದನ್ನ ನೋಡಿದ ನಿಜವಾದ ಮೀನು, ತಾನು ಯಾಕಿಷ್ಟು ಕಳಪೆಯಾಗಿ ಹುಟ್ಟಿದೆ ಅಂತ ಕೊರಗಬೇಕು."

"ಕೊರಗಿದ ಮೀನು ಊಟ ಬಿಡುತ್ತೆ," ಎಂದಳು ಹೆಂಡತಿ. "ಗಾಳ ಕಚ್ಚಲ್ಲ ರೀ." ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ನಾನು ಹಲ್ಲಿನ ಸೆಟ್ಟು ಮಾಡುವವನು. ದಂತವೈದ್ಯೆಯೊಬ್ಬರ ಕ್ಲಿನಿಕ್ಕಿನ ಮಹಡಿಯ ಮೇಲೆ, ಕಿಟಕಿಯ ಪಕ್ಕ ನನ್ನ ಮೇಜು. ಬಿಳಿ ಬಣ್ಣದಲ್ಲೇ ಹದಿನಾರು ಬಗೆ ಗುರುತಿಸುವ ಕಣ್ಣು ನನ್ನದು. ಯಾರ ಹಲ್ಲಿಗೆ ಎಷ್ಟು ವರ್ಷದ ಕಾಫಿಯ ಕಂದು ಬೆರೆಸಬೇಕೆಂದು ಮುಖ ನೋಡಿಯೇ ಹೇಳಬಲ್ಲೆ. ಅಂಥವನಿಗೆ ಒಂದು ಮೀನಿನ ಬೆನ್ನು ಯಾವ ಲೆಕ್ಕ? ಅಲ್ಲದೆ ಕಚ್ಚಿಸುವುದೇ ನನ್ನ ಕಸುಬು. ಊರಿನ ಅರ್ಧ ಜನರನ್ನು ಕಚ್ಚಿಸಿದವನು ಕೆರೆಯ ಒಂದು ಮೀನನ್ನು ಕಚ್ಚಿಸಲಾರನೇ?

ಹಳೆಯ ಕಿಟಕಿಯ ಚೌಕಟ್ಟಿನ ಹಗುರ ಮರದಿಂದ ಬೆರಳುದ್ದದ ಆರು ಮೀನು ಕೆತ್ತಿದೆ. ಹೊಟ್ಟೆ ಸೀಳಿ ಸೀಸದ ಗುಂಡು ಕೂರಿಸಿದೆ. ದಾರ ಎಳೆದಾಗ ನೀರಿನೊಳಕ್ಕೆ ಮುಳುಗಿ ಓಲಾಡಲೆಂದು ಗದ್ದಕ್ಕೆ ಒಂದು ತೆಳು ತಗಡು ಸಿಕ್ಕಿಸಿದೆ. ಸೊಳ್ಳೆಪರದೆಯ ತುಂಡನ್ನು ಬಿಗಿಯಾಗಿ ಸುತ್ತಿ, ಅದರ ಮೇಲೆ ಬೆಳ್ಳಿ ಬಣ್ಣ ಊದಿ, ಪರದೆ ಬಿಚ್ಚಿದರೆ ಮೈತುಂಬ ಪೊರೆ! ನಾನು ನನ್ನನ್ನೇ ಸ್ವಲ್ಪ ಹೊತ್ತು ಗೌರವದಿಂದ ನೋಡಿಕೊಂಡೆ.

ಕೊನೆಯದು ನೀಲಿ ಬೆರೆಸಿದ ವಾರ್ನಿಷ್. ಅದು ಒಣಗುವ ತನಕ ಮೀನು ನಿಧಾನವಾಗಿ ತಿರುಗುತ್ತಿರಬೇಕು, ಇಲ್ಲದಿದ್ದರೆ ಎಲ್ಲ ಇಳಿದು ಗದ್ದದಲ್ಲಿ ಗಡ್ಡವಾಗಿ ನಿಲ್ಲುತ್ತದೆ. ಆರೂ ಮೀನುಗಳನ್ನು ದಾರದಲ್ಲಿ ಪಡಸಾಲೆಯ ಫ್ಯಾನಿನ ರೆಕ್ಕೆಗಳಿಗೆ ಕಟ್ಟಿ, ಅತಿ ನಿಧಾನಕ್ಕೆ ಇಟ್ಟು, ಕೆಳಗೆ ಚಾಪೆಯ ಮೇಲೆ ಮಲಗಿದೆ. ಸಂಜೆಯ ಬಿಸಿಲು ಓರೆಯಾಗಿ ಬರುತ್ತಿತ್ತು. ಮೀನುಗಳು ಬೆಳಕಿಗೆ ಬಂದಾಗ ಮಿಂಚಿ, ನೆರಳಿಗೆ ಹೋದಾಗ ಮರೆಯಾಗಿ, ಮತ್ತೆ ಬರುತ್ತಿದ್ದವು. ಸೂರು ನೀರಿನ ಮೇಲ್ಮೈಯಂತೆಯೂ ನಾನು ಕೆರೆಯ ತಳದಲ್ಲಿ ಬಿದ್ದ ನುಣುಪು ಕಲ್ಲಿನಂತೆಯೂ ಅನಿಸತೊಡಗಿತು. ಕಲ್ಲಿಗೆ ನಿದ್ದೆ ಬಂತು.

ಅಷ್ಟರಲ್ಲಿ ಹೆಂಡತಿ ಶಾಲೆಯಿಂದ ಬೆವರಿಳಿಸಿಕೊಂಡು ಬಂದಳು. ಮೇಲೆ ನೋಡಲಿಲ್ಲ. ಫ್ಯಾನನ್ನು ಐದಕ್ಕೆ ತಿರುಗಿಸಿದಳು.

ನಾನು ಕಣ್ಣು ಬಿಟ್ಟಾಗ ನಾಲ್ಕು ಗೋಡೆಗಳ ಮೇಲೂ ಸುತ್ತ ಒಂದೇ ಎತ್ತರದಲ್ಲಿ ನೀಲಿ ಪಟ್ಟಿ ಹರಿದಿತ್ತು. ಒಂದು ಮೀನು ಎರಡು ಹೋಳಾಗಿ ಕ್ಯಾಲೆಂಡರಿನ ಹದಿನೇಳನೇ ತಾರೀಕಿಗೆ ಅಂಟಿತ್ತು. ನಾಲ್ಕು ಮೀನು ಕಿಟಕಿಯಿಂದ ಹಾರಿ ರಸ್ತೆಯ ಪಾಲಾಗಿದ್ದವು. ಒಂದು ಮಾತ್ರ ಇನ್ನೂ ಸುತ್ತುತ್ತಿತ್ತು.

"ರೀ, ಗೋಡೆ ಮೇಲೆ ಏನಿದು?"

"ಅಲೆ," ಎಂದೆ, ಅರೆನಿದ್ದೆಯಲ್ಲಿ.

"ಇನ್ನು ಈ ಮನೇಲಿ ಬಣ್ಣದ ಡಬ್ಬಿ ತೆರೆದ್ರೆ, ಒಂದೋ ನೀವಿರ್ಬೇಕು, ಇಲ್ಲಾ ಗೋಡೆ ಇರ್ಬೇಕು."

"ಗೋಡೆ ಇಲ್ದೆ ನೀನೆಲ್ಲಿರ್ತೀಯ?"

"ಅದಕ್ಕೇ ಹೇಳ್ತಿರೋದು."

ಹೀಗೆ ಉಳಿದ ಒಂದೇ ಮೀನು ನನ್ನ ಜೊತೆ ಕೆಲಸಕ್ಕೆ ಬರತೊಡಗಿತು. ಎರಡು ವಾರ ಮಧ್ಯಾಹ್ನದ ಬಿಡುವಿನಲ್ಲಿ ಅದಕ್ಕೆ ಬಣ್ಣ ಹಾಕಿದೆ. ಬೆನ್ನಿಗೆ ಬೆಳಗಾಗುವ ಮೊದಲಿನ ನೀರಿನ ಹಸಿರುಗಪ್ಪು, ಹೊಟ್ಟೆಗೆ ನನ್ನ ಹದಿನಾರು ಬಿಳಿಗಳಲ್ಲಿ ಅತ್ಯಂತ ಎಳೆಯದು, ಕಿವಿರಿನ ಹಿಂದೆ ಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಒಂದು ಚಿಟಿಕೆ. ಶನಿವಾರ ಮುಗಿಯಿತು. ಕೊಕ್ಕೆಗಳನ್ನು ದೋಣಿಯಲ್ಲೇ ಸಿಕ್ಕಿಸಿದರಾಯಿತೆಂದು, ಹಲ್ಲಿನ ಸೆಟ್ಟು ಇಟ್ಟುಕೊಡುವ ಬಿಳಿ ಡಬ್ಬಿಯೊಂದರಲ್ಲಿ ಹತ್ತಿ ಹಾಸಿ ಮಲಗಿಸಿದೆ.

ಅದೇ ಮೇಜಿನ ಮೇಲೆ ಅಂಥದೇ ಇನ್ನೊಂದು ಡಬ್ಬಿಯಲ್ಲಿ ಸುದ್ದಿಯಮ್ಮನ ಹಲ್ಲುಗಳಿದ್ದವು. ಸುದ್ದಿಯಮ್ಮ ಎಂದರೆ ನಮ್ಮೂರಿನ ರೇಡಿಯೊದಲ್ಲಿ ಮೂವತ್ತು ವರ್ಷ ಸುದ್ದಿ ಓದಿದ ಹೆಂಗಸು. ಊರು ಅವರ ದನಿ ಕೇಳಿ ಗಡಿಯಾರ ತಿದ್ದಿಕೊಳ್ಳುತ್ತಿತ್ತು. ರೇಡಿಯೊ ಕೇಂದ್ರದ ಹುಟ್ಟುಹಬ್ಬಕ್ಕೆ ಭಾನುವಾರ ಹತ್ತು ಗಂಟೆಗೆ ಐದು ನಿಮಿಷ ಮಾತಾಡಲು ಅವರನ್ನು ಮತ್ತೆ ಕರೆದಿದ್ದರು. ಸೆಟ್ಟು ಬಿರುಕು ಬಿಟ್ಟದ್ದರಿಂದ ರಿಪೇರಿಗೆ ಕಳಿಸಿದ್ದರು. ನಾನು ಕೂದಲೆಳೆಯಷ್ಟೂ ಗುರುತು ಕಾಣದಂತೆ ಬೆಸೆದಿದ್ದೆ.

ಕೆಳಗಿನಿಂದ ರಿಸೆಪ್ಷನ್ನಿನಾಕೆ ಬಂದು, "ಸುದ್ದಿಯಮ್ಮನ ಡ್ರೈವರ್ ಬಂದಿದಾನೆ. ಅವರದ್ದು ಎಲ್ಲಿದೆ?" ಎಂದಳು.

ನಾನು ಕಿಟಕಿಯಾಚೆ ಮೋಡ ನೋಡುತ್ತಿದ್ದೆ. ಒಂದು ಮೋಡಕ್ಕೆ ಥೇಟ್ ನನ್ನ ಮೀನಿನ ಬಾಲವೇ ಇತ್ತು. "ಅಲ್ಲೇ ಇದೆ ನೋಡಿ, ಬಿಳಿ ಡಬ್ಬಿ," ಎಂದೆ.

ಭಾನುವಾರ ಒಂಬತ್ತೂವರೆಗೆ ನಾವು ಕೆರೆಯ ಆಚೆ ತುದಿಯಲ್ಲಿದ್ದೆವು. ಮಂಜು ಇನ್ನೂ ನೀರಿಗೆ ಅಂಟಿಕೊಂಡಿತ್ತು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಇಂದಿನಿಂದ ಈ ಕೆರೆಯ ಚರಿತ್ರೆ ಬೇರೆ," ಎಂದು ಹೇಳಿ ಡಬ್ಬಿ ತೆರೆದೆ.

ಹಲ್ಲುಗಳು ನನ್ನನ್ನು ನೋಡಿ ನಕ್ಕವು.

ಹೆಂಡತಿ ಬಗ್ಗಿ ನೋಡಿದಳು. "ಮೀನನ್ನ ಹೆದರಿಸೋ ಉಪಾಯಾನಾ?"

ಫಟ್ಟನೆ ಡಬ್ಬಿ ಮುಚ್ಚಿದೆ. ವಿಷಯ ಹೇಳಿದೆ. ಫೋನುಗಳೆಲ್ಲ ದಡದಲ್ಲಿದ್ದವು, ಏಕೆಂದರೆ ಮಾವನಿಗೆ ದೋಣಿಯಲ್ಲಿ ಫೋನು ಆಗದು. ದಡಕ್ಕೆ ಮುಕ್ಕಾಲು ಗಂಟೆ, ಅಲ್ಲಿಂದ ಊರಿಗೆ ಮತ್ತೊಂದು ಗಂಟೆ. ಮಾವ ಹುಟ್ಟು ಕೈಗೆತ್ತಿಕೊಂಡು, ತಡವಾದ ರೈಲನ್ನು ಎಳೆಯುವವರಂತೆ ಹುಟ್ಟು ಹಾಕತೊಡಗಿದರು. ನಾನು ಡಬ್ಬಿಯನ್ನು ಎದೆಗೊತ್ತಿಕೊಂಡು ಕೂತೆ. ಕೆಲಸ ಹೋಗುವುದು ಹಾಗಿರಲಿ, ಆ ಹೆಂಗಸಿನ ದನಿಯನ್ನು ನಾನು ಮೂಕವಾಗಿಸಿದ್ದೆ. ಹಲ್ಲಿಲ್ಲದ ಬಾಯಿಗೆ ತ, ಥ, ದ, ಧ, ನ ಐದೂ ಕೈಕೊಡುತ್ತವೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹತ್ತಾಯಿತು. ಹವಾಮಾನ ಕೇಳಲೆಂದು ಮಾವ ತರುತ್ತಿದ್ದ ಪುಟ್ಟ ರೇಡಿಯೊವನ್ನು ಹೆಂಡತಿ ಹಚ್ಚಿದಳು.

ದನಿ ಬಂತು. ಅಂಚುಗಳೆಲ್ಲ ಕರಗಿ, ಮಂಜಿನೊಳಗಿಂದಲೇ ಎದ್ದು ಬರುವಂತಿತ್ತು.

"ಕೇಳುಗರೇ, ನನ್ನ ಮಾತು ಇವತ್ತು ಗಾಳಿಯಾಡಿದ ಹಾಗೆ ಕೇಳ್ತಿದ್ರೆ ಅದು ನಿಮ್ಮ ರೇಡಿಯೊ ತಪ್ಪಲ್ಲ. ನನ್ನ ಹಲ್ಲಿನ ಡಬ್ಬಿ ತೆಗೆದ್ರೆ ಒಳಗೊಂದು ಮರದ ಮೀನು ಮಲಗಿದೆ."

ಮಾವನ ಹುಟ್ಟು ಗಾಳಿಯಲ್ಲೇ ನಿಂತಿತು. ದೋಣಿ ತಾನಾಗಿಯೇ ತೇಲಿತು.

"ಮೊದಲು ಸಿಟ್ಟು ಬಂತು," ಎಂದಿತು ದನಿ. "ಆಮೇಲೆ ದೀಪದ ಕೆಳಗೆ ಹಿಡಿದು ನೋಡ್ದೆ. ಇಷ್ಟು ವರ್ಷ ಕೆರೆ ತುಂಬಿತು, ಕೆರೆ ಬತ್ತಿತು ಅಂತ ಸುದ್ದಿ ಓದಿದೀನಿ. ಕೆರೆ ಒಳಗಿನ ಬಣ್ಣ ಹೇಗಿರುತ್ತೆ ಅಂತ ಇವತ್ತೇ ನೋಡಿದ್ದು. ಬರ್ಕೊಂಡು ಬಂದ ಭಾಷಣ ಓದೋಕೆ ಹಲ್ಲು ಬೇಕು, ಅದಕ್ಕೆ ಈ ಮೀನಿನ ವಿಷಯಾನೇ ಹೇಳ್ತೀನಿ." ಅವರು ಅದರ ಬೆನ್ನು, ಹೊಟ್ಟೆ, ಪೊರೆ ಎಲ್ಲವನ್ನೂ ಒಂದೊಂದಾಗಿ, ಆತುರವಿಲ್ಲದೆ ಹೇಳಿದರು. ನೀರು ಅಲುಗಲಿಲ್ಲ. ಐದು ನಿಮಿಷ ನಾನು ನನ್ನ ಕೈಕೆಲಸವನ್ನೇ ಮೊದಲ ಸಲ ನೋಡುತ್ತಿರುವವನ ಹಾಗೆ ಕೂತಿದ್ದೆ. "ಮಾಡಿದವರು ಎಲ್ಲಿದ್ರೂ ಒಂದು ಮಾತು," ಎಂದು ದನಿ ಮುಗಿಸಿತು. "ನನ್ನ ಹಲ್ಲನ್ನ ಮೀನುಗಳಿಗೆ ತೋರಿಸ್ಬೇಡಿ. ಪಾಪ, ಹೆದರ್ತಾವೆ."

ಹೆಂಡತಿ ಕಣ್ಣೊರೆಸಿಕೊಂಡಳು. ನಗುವೋ ಅಳುವೋ ನಾನು ಕೇಳಲಿಲ್ಲ.

ಮಾವ ಹುಟ್ಟನ್ನು ಮತ್ತೆ ನೀರಿಗಿಳಿಸಿ, "ಹುಳದ ಬಗ್ಗೆ ಯಾರೂ ಇಷ್ಟು ಹೇಳಿರ್ಲಿಲ್ಲ," ಎಂದರು.

ಮಧ್ಯಾಹ್ನ ಸುದ್ದಿಯಮ್ಮನ ಬಾಗಿಲಲ್ಲಿ ತಲೆ ತಗ್ಗಿಸಿ ಡಬ್ಬಿ ಕೊಟ್ಟೆ. ಅವರು ಬೆನ್ನು ತಿರುಗಿಸಿ ಹಲ್ಲು ಹಾಕಿಕೊಂಡು, ಈ ಕಡೆ ತಿರುಗಿ, "ತ, ಥ, ದ, ಧ, ನ," ಎಂದರು. ಐದೂ ಅಕ್ಷರಗಳು ಗಂಟೆ ಬಾರಿಸಿದ ಹಾಗೆ ಬಿದ್ದವು. ಕ್ಷಮೆ ಕೇಳಿದೆ. "ಇರ್ಲಿ ಬಿಡಿ. ಆದ್ರೆ ಮೀನು ವಾಪಸ್ ಕೊಡಲ್ಲ," ಎಂದರು.

ಸೋಮವಾರ ಡಾಕ್ಟರಮ್ಮ ಕರೆಸಿದರು. "ಬೆಳಗ್ಗಿಂದ ಫೋನ್ ಮೇಲೆ ಫೋನ್. ಒಂದೂ ಹಲ್ಲಿಗಲ್ಲ. ಎಲ್ರಿಗೂ ಮೀನೇ ಬೇಕಂತೆ," ಎಂದು ದುರುಗುಟ್ಟಿಕೊಂಡು ನೋಡಿದರು. "ಇನ್ಮೇಲೆ ಆ ಮೇಜಿನ ಮೇಲೆ ಹಲ್ಲಿರೋ ಪದಾರ್ಥ ಮಾತ್ರ ಇರ್ಬೇಕು." ಕೆಲಸ ಉಳಿಯಿತು. ನಾನು ಎದೆಯುಬ್ಬಿಸಿಕೊಂಡು ಮುಂದಿನ ಭಾನುವಾರಕ್ಕೆ ಕಾದೆ.

ಭಾನುವಾರ ಕೆರೆಯ ದಡಕ್ಕೆ ಬಂದರೆ ಸುದ್ದಿಯಮ್ಮ ಆಗಲೇ ನಿಂತಿದ್ದರು. ಕೈಯಲ್ಲಿ ನನ್ನ ಮೀನು. ಅದಕ್ಕೆ ಕೊಕ್ಕೆಗಳನ್ನು ಸಿಕ್ಕಿಸಿ ಕೊಡುತ್ತಿದ್ದವಳು ನನ್ನ ಹೆಂಡತಿ. ಅವಳೇ ಕರೆದಿದ್ದಳಂತೆ.

"ಇದು ನೀರಲ್ಲಿ ಹೇಗೆ ಓಡಾಡುತ್ತೆ ಅಂತ ನೋಡ್ಬೇಕಿತ್ತು," ಎಂದರು ಸುದ್ದಿಯಮ್ಮ.

ಮಾವ ತಾವಾಗಿಯೇ ಕೈಕೊಟ್ಟು ಅವರನ್ನು ದೋಣಿಗೆ ಹತ್ತಿಸಿಕೊಂಡರು. ಹಿಂದೆಯೇ ಹೆಂಡತಿ ಹತ್ತಿದಳು. ನಾನು ಕಾಲೆತ್ತಿದೆ.

"ಮೂರೇ ಜನಕ್ಕೆ ಜಾಗ, ಅಳಿಯಂದಿರೇ," ಎಂದರು ಮಾವ.

ಎತ್ತಿದ ಕಾಲನ್ನು ಇಳಿಸಿದೆ. ದೋಣಿ ದಡ ಬಿಡುವ ಮೊದಲು ಸುದ್ದಿಯಮ್ಮ ಆಚೆ ಮುಖ ಮಾಡಿ ಏನೋ ಮಾಡಿ, ಕರವಸ್ತ್ರದಲ್ಲಿ ಸುತ್ತಿದ ಸಣ್ಣ ಗಂಟೊಂದನ್ನು ನನ್ನ ಕೈಯಲ್ಲಿಟ್ಟರು.

"ದೋಣಿ ಓಲಾಡುತ್ತೆ," ಎಂದರು, ಮಂಜಿನಂಥ ಆ ದನಿಯಲ್ಲಿ. "ನೀರಿಗೆ ಬಿದ್ರೆ ಕಷ್ಟ. ನಾವು ಬರೋ ತನಕ ಹಲ್ಲು ಹಿಡ್ಕೊಂಡು ಕೂತಿರಿ."