ಬಕ್ಕಪ್ಪ ಬಟನ್ ಒತ್ತಿದ, ಅಜ್ಜ ಲಿಂಗೈಕ್ಯ ಆದ

ತಾಂಡೂರ ಬಸ್ ಸ್ಟ್ಯಾಂಡ್ ಬಾಜೂಕ ಲಗ್ನದ ಕಾರ್ಡ್ ಛಾಪಿಸೋ ಅಂಗಡಿ. ಅಲ್ಲಿ ಕಂಪ್ಯೂಟರ್ ಮುಂದ ಬಕ್ಕಪ್ಪ ಕುಂದರ್ತಿದ್ದ. ಎಂಥಾ ಮೈಗಳ್ಳ ಅಂತೀರಿ, ಮೂಗಿನ ಮ್ಯಾಲ ನೊಣ ಕುಂತ್ರ ಅದೇ ಬ್ಯಾಸತ್ತು ಎದ್ದು ಹೋಗಲಿ ಅಂತ ಹಾದಿ ನೋಡಾಂವ. ದಿನಾ ಅವೇ ಮಾತು ಟೈಪ್ ಮಾಡಿ ಸಾಕಾಗಿ, ಫೋನಿನ್ಯಾಗ ವಿಡಿಯೋ ನೋಡಿ ಸ್ಕ್ರಿಪ್ಟ್ ಬರಿಯೋದು ಕಲ್ತ. ಒಮ್ಮೆ ಕಂಪ್ಯೂಟರಿಗಿ ಬರದು ಹೇಳಿಟ್ರ ಆತು, ಆಮ್ಯಾಲ ಒಂದು ಬಟನ್ ಒತ್ತಿದ್ರ ಅದೇ ಎಲ್ಲಾ ಮಾಡ್ತದ.

ತೀರಿಕೊಂಡ ಹಿರ್ಯಾರ ಹೆಸರಿನ ಮುಂದ ಕಾರ್ಡಿನ್ಯಾಗ 'ಲಿಂ.' ಅಂತ ಹಾಕ್ತಾರಲ್ಲ, ಲಿಂಗೈಕ್ಯ ಆಗ್ಯಾರ ಅಂತ? ಬರೋ ಕಾರ್ಡಿನ್ಯಾಗ ಅಜ್ಜ-ಅಜ್ಜಿ ಬಹಳ ಮಾಡಿ ಹೋಗೇ ಇರ್ತಾರ. ಅದಕ್ಕ ಬಕ್ಕಪ್ಪ, ಅಜ್ಜ-ಅಜ್ಜಿ ಹೆಸ್ರು ಬಂದ್ರ ನೀನೇ ಲಿಂ. ಹಚ್ಚು ಅಂತ ಬರದಿಟ್ಟ. ಅದೇ ಬಟನ್ ಒತ್ತಿ ತನ್ನ ಲಗ್ನದ ಕಾರ್ಡೂ ಮಾಡಿದ. ಓದಿ ನೋಡಿದ್ನಾ? ಕಂಪ್ಯೂಟರ್ ಮಾಡ್ಯಾದ, ನಾ ಯಾಕ ಓದ್ಲಿ ಅಂದ. ಹುಡುಗಿ ಕಡ್ಯಾವ್ರೂ ಸಂಜಿ ಹೊತ್ತಿನ್ಯಾಗ ಓದದೇ ಗಡಿಬಿಡಿಲೇ ಹಂಚಿಬಿಟ್ರು.

ಮುಂಜಾನಿ ಬಶೀರಾಬಾದ್ ಬಸ್ಸಿಳದು ಹುಡುಗಿ ಸ್ವರೂಪಾನ ಅಜ್ಜ ಶಂಕ್ರೆಪ್ಪ ಬಂದ. ಮೀಸಿ ಬಾರಿಗಿ ಕಡ್ಡಿ ಹಂಗ ನಿಂತಿತ್ತು. ಹಿಂದ ಹೆಂಡ್ತಿ ಲಕ್ಷ್ಮಿಬಾಯಿ. ಆಕಿ ಸಿಟ್ಟಿನ ಉಸಿರಿಗಿ ಅಂಗಡಿ ಫ್ಯಾನು ಉಲ್ಟಾ ತಿರಗಾಕತ್ತು.

"ಏನೋ, ನಾ ಸತ್ತೀನಾ?" ಅಜ್ಜ ಕಾರ್ಡ್ ಟೇಬಲ್ಲಿಗಿ ಬಡದ. "ಬಾಗಲಾ ತಗದ್ರ ಓಣಿ ಮಂದಿ ಹೂವಿನ ಹಾರ ಹಿಡದು ನಿಂತಾರ! 'ಅಜ್ಜಾ, ಹೆಣ ಎಲ್ಲಿ ಕುಂದ್ರಸ್ಯಾರ್ರಿ?' ಅಂತ ನನಗೇ ಕೇಳ್ತಾರ!"

"ನನ್ನ ಕುಂಕಮಕ್ಕೇ ಕೈ ಹಾಕ್ಯಾನ ಇಂವ!" ಅಂದ್ಳು ಲಕ್ಷ್ಮಿಬಾಯಿ. "ಇಂಥಾಂವಗ ಹುಡುಗಿ ಕೊಡ್ತೀವೇನು? ಲಗ್ನ ಮುರೀತು ಅನ್ಕೋ!"

ಬಾಜೂ ಪಾನ್ ಡಬ್ಬಿ ಕಲ್ಯಾಣಪ್ಪ ಗಿರಾಕಿ ಬಿಟ್ಟು ಓಡಿಬಂದ. "ಬಿಡಬ್ಯಾಡ್ರಿ ಅಜ್ಜಾರ. ಇವತ್ತು ನಿಮಗ, ನಾಳಿಗಿ ಇಡೀ ತಾಂಡೂರಿಗೇ ಲಿಂ. ಹಚ್ತಾನ!"

ಬಕ್ಕಪ್ಪ ಕುಂತಲ್ಲೇ ಕೈ ಮುಗದ. "ಈಗಿಂದೀಗ ಬದುಕಸ್ತೀನ್ರಿ ಅಜ್ಜಾರ! ಲಗ್ನ ಮಾತ್ರ ಮುರೀಬ್ಯಾಡ್ರಿ!"

ಒಂದೊಂದು ಹೆಸ್ರು ನೋಡಿ ತಿದ್ದಾಕ ಆ ಮೈಗಳ್ಳಗ ಎಲ್ಲಿ ಆಗ್ತದ? ಇನ್ನೊಂದು ಸ್ಕ್ರಿಪ್ಟ್ ಬರದ: ಎಲ್ಲೆಲ್ಲಿ ಲಿಂ. ಅದ, ಅಲ್ಲೆಲ್ಲಾ ಕಿತ್ತು ಒಗಿ. ಬಟನ್ ಒತ್ತಿದ. ಹೊಸ ಕಾರ್ಡು ಬಿಸಿ ರೊಟ್ಟಿ ಹಂಗ ಹೊರಗ ಬಂತು.

ಅಜ್ಜ ನೋಡಿ ಮೀಸಿ ತಿರುವಿದ. "ಹಾಂ! ಈಗ ಜೀಂವ ಬಂತು ನೋಡು."

ಲಕ್ಷ್ಮಿಬಾಯಿ ಕಾರ್ಡ್ ಕಸ್ಕೊಂಡು ಓದಿದ್ಳು. "ಶ್ರೀಮತಿ ರುಕ್ಮಿಣಿಬಾಯಿ, ಶ್ರೀ ಶಂಕ್ರೆಪ್ಪ..." ಅಲ್ಲಿಗೇ ನಿಂತ್ಳು. ರುಕ್ಮಿಣಿಬಾಯಿ ಅಂದ್ರ ಅಜ್ಜನ ಮೊದಲ್ನೇ ಹೆಂಡ್ತಿ, ಸ್ವರೂಪಾನ ಸ್ವಂತ ಅಜ್ಜಿ; ಆಕಿ ಮುಂದಿನ ಲಿಂ.ನೂ ಕಿತ್ತು ಹೋಗಿತ್ತು. ಆಕಿ ಮಣ್ಣಾದ ಮ್ಯಾಲೇ ಲಕ್ಷ್ಮಿಬಾಯಿ ಆ ಮನಿಗಿ ಬಂದಾಕಿ.

"ಆಕಿ ಬದುಕ್ಯಾಳಾ? ನನ್ನ ಗಂಡನ ಬಾಜೂಕ ಕುಂತು ಮಂದೀಗಿ ಲಗ್ನಕ್ಕ ಕರೀತಾಳಾ? ಹಂಗಾರ ನಾ ಯಾರು?"

"ನಾ ಏನ್ ಮಾಡೀನೇ..." ಅಂದ ಅಜ್ಜ.

"ಆಕಿ ಹೆಸ್ರು ನೋಡೇ ಜೀಂವ ಬಂತು ಅಂದೆಲ್ಲ! ಮೀಸಿ ಬ್ಯಾರೆ ತಿರುವ್ತಿ!"

ಆಕಿ ಕೂಗಿಗಿ ಕರಣಕೋಟದ ಸಿಮೆಂಟ್ ಫ್ಯಾಕ್ಟರಿ ಸೈರನ್ನೂ ನಾಚಿ ಸುಮ್ಮ ಆಗಿರ್ಬೇಕು. ಅಜ್ಜ ಮೆಲ್ಲಕ ಪ್ರಿಂಟರ್ ಹಿಂದ ಸರದು ಬಕ್ಕಪ್ಪನ ಕಿವಿಯಾಗ ಅಂದ: "ತಮ್ಮಾ, ಮೊದಲಿನ ಕಾರ್ಡೇ ಛಲೋ ಇತ್ತು. ಜಲ್ದಿ ನನ್ನ ಸಾಯ್ಸಿಬಿಡು."

ಅದೂ ಆಕಿ ಕಿವಿಗಿ ಬಿತ್ತು. ಬಕ್ಕಪ್ಪನ ತೋಳು ಹಿಡದು ಎಬ್ಬಿಸಿ ಕುರ್ಚಿ ಮ್ಯಾಲ ತಾನೇ ಕುಂತ್ಳು. ಸೆರಗ ಸೊಂಟಕ್ಕ ಸಿಗಿಸಿ ಬಟ್ಟು ಎತ್ತಿದ್ಳು.

"ಲಿಂ. ಹಚ್ಚೋ ಬಟನ್ ಯಾವ್ದು ತೋರ್ಸು. ಮುದುಕನ್ನ ಮನಿಯಾಗ ನೋಡ್ಕೋತೀನಿ. ಮೊದ್ಲು ಹೇಳು, ಇದ್ರಾಗ ಮದುಮಗನ ಹೆಸ್ರು ಎಲ್ಲದ?"