ಮಾವನ ಕಿವಿ, ನನ್ನ ಎದೆಯ ಪೀಪಿ

ನಮ್ಮ ಸೋದರಮಾವನ ಪಾಲಿಗೆ ನಾನು ಸೊಸೆಯಲ್ಲ, ಒಂದು ತೆಂಗಿನಕಾಯಿ!

ಹಂದನಕೆರೆಯ ನಮ್ಮ ಮನೆಯ ಅಟ್ಟದಲ್ಲಿ ಹನ್ನೊಂದು ತಿಂಗಳು ಒಣಗುವ ಕಾಯಿಗಳನ್ನು ಮಾವ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ಹಸಿ, ಗಡಗಡ ಎಂದರೆ ಕೊಬ್ಬರಿ ಸಿದ್ಧ. ಉಬ್ಬಸದ ಹುಡುಗಿಯಾದ ನನ್ನನ್ನೂ ಅವರು ಅದೇ ರಾಶಿಗೆ ಸೇರಿಸಿದ್ದರು. ಚಿಕ್ಕವಳಿದ್ದಾಗ ಒಮ್ಮೆ ಎತ್ತಿ ಅಲ್ಲಾಡಿಸಿಯೇಬಿಟ್ಟಿದ್ದರಂತೆ!

"ಇಳಿಸಣ್ಣ ಮಗೀನ! ಅದೇನು ಕಾಯಾ?" ಎಂದು ಅಮ್ಮ ಕಿರುಚಿದರೆ, "ಸುಮ್ಕಿರವ್ವ, ಒಳಗೆ ನೀರದಾ ಅಂತ ನೋಡ್ತಿದೀನಿ" ಎಂದರಂತೆ.

ಆಮೇಲೆ ಬೆನ್ನಿಗೆ ಕಿವಿಯಿಟ್ಟು ತೀರ್ಪು ಕೊಡತೊಡಗಿದರು. ಪೀಪಿ, ನಾದಸ್ವರ, ಅಮ್ಮಸಂದ್ರದ ಸಿಮೆಂಟ್ ಫ್ಯಾಕ್ಟರಿಯ ಸೈರನ್! ಪೀಪಿಗೆ ಬಿಸಿನೀರು, ನಾದಸ್ವರಕ್ಕೆ ಸ್ಕೂಲಿಗೆ ರಜೆ, ಸೈರನ್‌ಗೆ ಡಾಕ್ಟರು. ಏಳನೇ ಕ್ಲಾಸಿನ ನನ್ನ ಡೈರಿಯಲ್ಲಿ ಫೆಬ್ರವರಿ 9ರವರೆಗಿನ ಲೆಕ್ಕ: ಪೀಪಿ 21, ನಾದಸ್ವರ 9, ಸೈರನ್ 2. ನಾದಸ್ವರಗಳಲ್ಲಿ ಆರು ಗಣಿತದ ಟೆಸ್ಟಿನ ದಿನವೇ ಊದಿದವು. ಅದಕ್ಕೆ ನಾನೇನು ಮಾಡಲಿ?

ತಿಪಟೂರಿನ ನಮ್ಮ ಡಾಕ್ಟರು ಸ್ಕ್ಯಾನಿಂಗ್ ಮಿಷನ್ ತಂದರೆಂದು ಕೇಳಿದ್ದೇ ತಡ, ಮಾವ ನನ್ನನ್ನು ಎಳೆದುಕೊಂಡು ಹೋದರು.

"ಸಾರ್, ಬಸ್ರಿ ಹೆಂಗಸ್ರ ಹೊಟ್ಟೇಲಿ ಕೂಸು ಕಾಣ್ತದಂತೆ. ಇವಳ ಎದೇಲಿ ಉಬ್ಬಸ ಎಷ್ಟದೆ, ತೋರ್ಸಿ."

"ಎದೇಲಿರೋದು ಗಾಳಿ ಕಣ್ರೀ. ಇದ್ರಲ್ಲಿ ಗಾಳಿ ಕಾಣಲ್ಲ."

ಮಾವನಿಗೆ ಡಾಕ್ಟರ ಮೇಲೆ ಕನಿಕರವೇ ಬಂತು. "ಪಾಪ, ಇಷ್ಟು ದೊಡ್ಡ ಮಿಷನ್ನು! ಹೋಗ್ಲಿ ಬುಡಿ, ಬೇಕಾದ್ರೆ ಸಂತೆ ದಿನ ನಾನೇ ಬಂದು ನಿಮ್ಮ ಮಕ್ಕಳ ಎದೆ ಕೇಳಿ ಹೋಗ್ತೀನಿ."

ಫೆಬ್ರವರಿ 10, ಮಂಗಳವಾರ. ಮಾವ ತೋಟಕ್ಕೆ ಹೋಗಿದ್ದರು. ಬೆಳಿಗ್ಗೆಯಿಂದ ಏರುತ್ತಿದ್ದ ನನ್ನ ಎದೆಯ ಶಿಳ್ಳೆ ಮಧ್ಯಾಹ್ನ ತಾನಾಗಿಯೇ ನಿಂತಿತು. "ಸದ್ಯ, ವಾಸಿಯಾಯ್ತು" ಎಂದು ಅಮ್ಮ ದೇವರಿಗೆ ದೀಪ ಹಚ್ಚಿದಳು. ಅಲ್ಲವೆನ್ನಲು ನನಗೆ ಉಸಿರೇ ಸಾಲದು.

ಊಟಕ್ಕೆ ಬಂದ ಮಾವ ಬೆನ್ನಿಗೆ ಒಂದು ಕಿವಿಯಿಟ್ಟರು. ನಂಬದೆ ಇನ್ನೊಂದನ್ನೂ ಇಟ್ಟರು.

"ಸದ್ದೇ ಇಲ್ಲ ಕಣವ್ವಾ! ಸದ್ದು ಮಾಡ್ದಿರೋ ಕಾಯಿನ ನಾನ್ಯಾವತ್ತೂ ನಂಬಿಲ್ಲ. ಏಳು, ಏಳು!"

ಕೊಬ್ಬರಿ ಮೂಟೆ ತುಂಬಿದ್ದ ಆಟೋದಲ್ಲೇ ತಿಪಟೂರಿಗೆ ಹೋದೆವು. ಡಾಕ್ಟರು ಮೂಗಿಗೆ ಔಷಧಿಯ ಹೊಗೆ ಹಿಡಿದು ಹೇಳಿದರು: "ಒಳಗೆ ಗಾಳಿಯೇ ಆಡ್ತಿರಲಿಲ್ಲ, ಅದಕ್ಕೇ ಸದ್ದಿಲ್ಲ. ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟವಾಗ್ತಿತ್ತು."

ಎಷ್ಟೋ ಹೊತ್ತಿನ ಮೇಲೆ ನನ್ನೊಳಗೆ ಸಣ್ಣಗೆ ಏನೋ ಕುಯ್ಯೆಂದಿತು. ಮಾವ ಬೆನ್ನಿಗೆ ಕಿವಿಯಿಟ್ಟರು. ತೀರ್ಪಿಗೆ ಕಾದೆ. ಬೆನ್ನ ಮೇಲೆ ಅಂಗಿ ಬೆಚ್ಚಗೆ ಒದ್ದೆಯಾಯಿತು, ಅಷ್ಟೇ.

ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ: ಪೀಪಿ 22. ಮಾವ ಅತ್ತಿದ್ದು 1.